ಅತ್ತೆಯ ಸಪ್ಪೆ ಕಾಫಿ ಕೆಂಪಾಯ್ತು

ಇವತ್ತು ಪಾಪ ಕಟ್ಕೊಂಡೆ ಕಣ್ರೀ. ತಿಂಡಿ-ತೀರ್ಥದಲ್ಲಿ ಸಕ್ಕರೆ ಹುಡುಕೋದು ಮಗಳ ಸೈನ್ಸ್ ಪ್ರಾಜೆಕ್ಟು. ಪೀಣ್ಯದ ಕೆಮಿಕಲ್ ಅಂಗಡಿಯಿಂದ ತಂದ ನೀಲಿ ದ್ರಾವಣ ಹಾಕಿ ಕಾಯಿಸಬೇಕು, ಕೆಂಪಾದರೆ ಸಕ್ಕರೆ ಇದೆ ಅಂತ. ಶುಗರ್ ಇರೋ ನಮ್ಮತ್ತೆಯ ಸಪ್ಪೆ ಕಾಫಿ ಇಟ್ಟಿಗೆ ಥರ ಕೆಂಪಾಗ್ಬಿಡ್ತು!

"ಕದ್ದು ಸಕ್ಕರೆ ಹಾಕ್ಕೋತೀರಾ ಅತ್ತೆ?" ಅಂತ ರೇಗಿದೆ. ಅವರು ಲೋಟದ ಕಾಫೀನ ಸಿಂಕಿಗೆ ಸುರಿದರು.

ಆಮೇಲೆ ನೋಡಿದರೆ ಬರೀ ಸಕ್ಕರೆ ನೀರು ನೀಲಿಯಾಗೇ ಉಳೀತು. ಏನೋ ಎಡವಟ್ಟಾಗಿದೆ ಅಂತ ಟೀಚರಿಗೆ ಫೋನ್ ಮಾಡಿದೆ.

"ಅದು ನಾವು ಹಾಕೋ ಸಕ್ಕರೇನ ತೋರಿಸಲ್ಲ ಮೇಡಂ. ಹಾಲಲ್ಲೇ ಒಂದು ಸಕ್ಕರೆ ಇರುತ್ತಲ್ಲ, ಅದನ್ನ ತೋರಿಸುತ್ತೆ."

ಹೊಸದಾಗಿ ಕಾಫಿ ಮಾಡಿ, ತಪ್ಪಾಯ್ತು ಅಂತ ಕೊಟ್ಟೆ. ಅತ್ತೆ ಲೋಟ ಮುಟ್ಟಲಿಲ್ಲ.

"ಮೊದಲು ಟೆಸ್ಟ್ ಮಾಡಮ್ಮ, ಆಮೇಲೆ ಕುಡೀತೀನಿ."