ಆ ದಿನಕ್ಕೆ ರಜ ಬೇಡ ಅಂದ ನನ್ನ ಮೊಮ್ಮಗಳು

ನನ್ನ ಮೊಮ್ಮಗಳು ಮಕ್ಕಳ ಗ್ರಾಮಸಭೆಯಲ್ಲಿ ಮೈಕು ಹಿಡಿದು ಮಾತಾಡಿದಳು. ಬಾಳ್ಳುಪೇಟೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರಿಗೆಲ್ಲ ಇದನ್ನು ಹೇಳಿಯಾಯಿತು. ಸಂತೆಯಲ್ಲಿ ಒಣಮೀನು ಮಾರುವವಳಿಗೂ ಹೇಳಿಯಾಯಿತು. ಇನ್ನು ಹೇಳುವುದಕ್ಕೆ ಜನ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ವಾರೆಯಾದರೆ ಅವಳೇ ತಿದ್ದುತ್ತಾಳೆ. ಹೊಗಳಿದ ಕಡೆ ಮಾತ್ರ ಕೈ ಹಾಕಬಾರದು ಅಂತ ಮೊದಲೇ ಹೇಳಿದ್ದೇನೆ.

ನಮ್ಮ ಮನೆಯಿಂದ ಇಳಿಜಾರಿನಲ್ಲಿ ಇಳಿದರೆ ಒಂದು ಮನೆ ಸಿಗುತ್ತದೆ, ಕೆಳಮನೆ ಅನ್ನುತ್ತೇವೆ. ಅಲ್ಲಿರುವವಳು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ನನ್ನನ್ನು ಅಕ್ಕಯ್ಯ ಅನ್ನುತ್ತಾಳೆ. ಒಬ್ಬನೇ ಮಗ, ಮಿಲಿಟರಿಯಲ್ಲಿದ್ದ. ಎರಡು ವರ್ಷದ ಹಿಂದೆ ಗಡಿಯಲ್ಲಿ ಒಂದೇ ದಿನ ನಮ್ಮ ಹುಡುಗರು ಎಷ್ಟೋ ಜನ ಹೋದರು, ದೇಶಕ್ಕೆ ದೇಶವೇ ಅತ್ತಿತು. ಹೋದವರಲ್ಲಿ ಅವನೂ ಒಬ್ಬ. ಬಾವುಟ ಹೊದಿಸಿ ಅವನನ್ನು ಕರೆತಂದಾಗ ಯಸಳೂರಿನಿಂದ ನಮ್ಮೂರವರೆಗೂ ರಸ್ತೆಯ ಎರಡು ಬದಿ ಜನ ನಿಂತಿದ್ದರು. ಅವನನ್ನು ಮಣ್ಣು ಮಾಡುವವರೆಗೆ ಊರಿನ ಒಂದು ಮನೆಯಲ್ಲೂ ಒಲೆ ಹಚ್ಚಲಿಲ್ಲ. ಅದು ನಮ್ಮ ಕಡೆ ರೂಢಿ, ಯಾರೂ ಹೇಳಿಕೊಡಬೇಕಿಲ್ಲ.

ಒಂದು ವರ್ಷ ತುಂಬಿತು. ಊರಿನ ದೊಡ್ಡವರು ಸೇರಿ, ಆ ದಿನ ಊರಿಗೆಲ್ಲ ರಜ ಅಂತ ಮಾಡಿದರು. ಅಂಗಡಿ ಮುಚ್ಚಿದವು, ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಕೆಲಸ ನಿಲ್ಲಿಸಿದರು, ಸ್ಕೂಲಿಗೂ ರಜ. ಬಸ್ ಸ್ಟ್ಯಾಂಡಿನಲ್ಲಿ ಅವನ ಫೋಟೋಗೆ ಹಾರ ಹಾಕಿ, ಎರಡು ನಿಮಿಷ ನಿಂತು, ಭಾಷಣ ಮಾಡಿದರು. ಹತ್ತು ಗಂಟೆಗೆಲ್ಲ ಮುಗಿಯಿತು. ಆಮೇಲೆ ಹುಡುಗರು ಪಿಕಪ್ಪಿನಲ್ಲಿ ಪಾತ್ರೆ, ಕೋಳಿ ತುಂಬಿಕೊಂಡು ಹೊಳೆ ಕಡೆ ಹೊರಟರು. ಹೆಂಗಸರು ನೆಂಟರ ಮನೆಗೆ, ಸಕಲೇಶಪುರದ ಬಟ್ಟೆ ಅಂಗಡಿಗೆ ಹೋದರು. ನಾನು ಬೈಯುತ್ತಿಲ್ಲ. ಕಾಫಿ ಕುಯ್ಲಿನಲ್ಲಿ ಸೊಂಟ ಬಿದ್ದುಹೋಗಿರುತ್ತದೆ, ರಜ ಸಿಕ್ಕರೆ ಯಾರು ಬಿಡುತ್ತಾರೆ?

ಕೆಳಮನೆಯವಳು ಮಾತ್ರ ಕೋಳಿ ಕೂಗುವ ಮೊದಲೇ ಎದ್ದು ಮಗನಿಗೆ ಎಡೆ ಇಡಲು ಕಡುಬು ಬೇಯಿಸಿ, ಸಾರು ಮಾಡಿದ್ದಳು. ಊರವರು ಬರುತ್ತಾರೆ ಅಂತ ದೊಡ್ಡ ಹಂಡೆಯನ್ನೇ ಒಲೆಗೇರಿಸಿದ್ದಳು. ನಾನು, ಮೊಮ್ಮಗಳು ಹೋದಾಗ ಅವಳು ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು.

"ಎಲ್ಲಿ ಅಕ್ಕಯ್ಯ, ಜನ ಹಿಂದೆ ಬತ್ತಾ ಅವ್ರಾ?"

ಅವಳ ಮನೆಯಲ್ಲಿ ಜನ ತುಂಬಿರುತ್ತಾರೆ, ನಾವು ಯಾಕೆ ತೊಂದರೆ ಕೊಡುವುದು ಅಂತ ಪ್ರತಿ ಮನೆಯವರೂ ಅಂದುಕೊಂಡಿದ್ದರು.

ಮಧ್ಯಾಹ್ನ ಮೋಡ ಕವಿಯಿತು. ನಮ್ಮ ಕಡೆ ಇನ್ನೊಂದು ರೂಢಿ ಇದೆ. ಕಣದಲ್ಲಿ ಕಾಫಿ ಒಣಗಲು ಹರಡಿದ್ದಾಗ ಮೋಡ ಕಂಡರೆ, ದಾರಿಯಲ್ಲಿ ಹೋಗುತ್ತಿರುವವರು ಯಾರೇ ಆಗಲಿ ಹತ್ತಿರದ ಕಣಕ್ಕೆ ನುಗ್ಗಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಯಾರ ಕಾಫಿ ಅಂತ ಕೇಳುವ ಹಾಗಿಲ್ಲ. ಮಾತು ಬಿಟ್ಟ ದಾಯಾದಿಗಳೂ ಓಡಿ ಬರುತ್ತಾರೆ. ಟಾರ್ಪಾಲಿನ ಆ ತುದಿ ಒಬ್ಬ, ಈ ತುದಿ ಒಬ್ಬ ಹಿಡಿದು, ಮುಖ ಆಚೆ ತಿರುಗಿಸಿಕೊಂಡೇ ಎಳೆಯುತ್ತಾರೆ. ಆವತ್ತು ಕೆಳಮನೆಯ ಕಣದ ತುಂಬ ಕಾಫಿ ಇತ್ತು, ದಾರಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಕೂಗಿದೆವು. ನಾಯಿ ಮಾತ್ರ ಬೊಗಳಿತು. ನಾವು ಮೂವರೇ ಎಳೆದೆವು, ಬಾಚಿದೆವು, ನನ್ನ ಮೊಮ್ಮಗಳಂತೂ ಲಂಗ ಎತ್ತಿ ಕಟ್ಟಿ ಗಂಡಾಳಿನ ಹಾಗೆ ಕೆಲಸ ಮಾಡಿದಳು. ಆದರೂ ಅರ್ಧ ಕಾಫಿ ನೆನೆಯಿತು.

ಅವಳು ಒದ್ದೆ ಕಣದಲ್ಲೇ ಕೂತುಬಿಟ್ಟಳು. "ನನ್ ಮಗನ ಹೆಸ್ರಲ್ಲಿ ಊರೇ ಖಾಲಿ ಆಗ್ಬುಡ್ತಲ್ಲ ಅಕ್ಕಯ್ಯ. ಮುಂದಿನ ವರ್ಷ ನಾನೂ ಬಾಗ್ಲು ಹಾಕ್ಕಂಡು ಎತ್ಲಾಗಾದ್ರೂ ಹೋಗ್ಬುಡ್ತೀನಿ."

ಅದನ್ನು ನನ್ನ ಮೊಮ್ಮಗಳು ಕೇಳಿಸಿಕೊಂಡಳು. ಮನೆಗೆ ಬಂದ ಮೇಲೆ ಕೇಳಿದಳು, "ಅಜ್ಜಿ, ಕೆಳಮನೆ ಅತ್ತೆ ನಿಜವಾಗ್ಲೂ ಹೋಗ್ಬುಡ್ತಾರಾ?" ಹೋಗುತ್ತಾಳೆ ಕಣೇ, ಅವಳು ಅಂದದ್ದನ್ನು ಮಾಡುವವಳು ಅಂದೆ.

ಮಳೆಗಾಲ ಕಳೆದ ಮೇಲೆ ಮಕ್ಕಳ ಗ್ರಾಮಸಭೆ ಬಂತು. ಆ ದಿನವನ್ನು ದೇಶಕ್ಕೆಲ್ಲ ಸರ್ಕಾರಿ ರಜ ಮಾಡಿ ಅಂತ ನಮ್ಮೂರಿಂದ ಸರ್ಕಾರಕ್ಕೆ ಬರೆಯಬೇಕು, ಅದನ್ನು ಮಕ್ಕಳ ಬಾಯಲ್ಲಿ ಹೇಳಿಸಿದರೆ ಚೆನ್ನ ಅಂತ ದೊಡ್ಡವರ ಯೋಚನೆ. ಜೋರಾಗಿ ಓದುತ್ತಾಳೆ ಅಂತ ಮೇಷ್ಟ್ರು ನನ್ನ ಮೊಮ್ಮಗಳನ್ನೇ ನಿಲ್ಲಿಸಿದರು. ಇವಳು ಮೈಕು ಹಿಡಿದು, ಬರೆದು ಕೊಟ್ಟದ್ದನ್ನು ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು.

"ರಜ ಬೇಡ," ಅಂದಳು. "ಹೋದ ಸಲ ರಜ ಕೊಟ್ರಲ್ಲ, ಅವತ್ತು ಅತ್ತೆ ಮನೆಗೆ ಯಾರ್ಯಾರು ಹೋಗಿದ್ರಿ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ನಾನು ಎತ್ತಿದೆ. "ನೀನು ಇಳಿಸಜ್ಜಿ," ಅಂದಳು ಮೈಕಿನಲ್ಲೇ. ಎಲ್ಲರೂ ನಕ್ಕರು. ನಗಲಿ, ನನ್ನ ಮೊಮ್ಮಗಳು ತಾನೆ ಗದರಿದ್ದು!

ಪಂಚಾಯಿತಿ ಅಧ್ಯಕ್ಷರು ಎದ್ದರು. "ಅಲ್ಲಮ್ಮ ತಾಯಿ, ಕ್ಯಾಲೆಂಡರಲ್ಲಿ ಕೆಂಪು ಅಕ್ಷರ ಇದ್ರೆ ತಾನೆ ಜನ ನೆನಪಿಟ್ಕಳದು? ಇಲ್ದಿದ್ರೆ ನಾಲ್ಕು ವರ್ಷಕ್ಕೆ ಮರ್ತೋಗ್ತಾರೆ."

"ಕೆಂಪು ಅಕ್ಷರ ನೋಡಿ ನಾವು ಟ್ರಿಪ್ ಹೋಗೋದು ಎಲ್ಲಿಗೆ ಅಂತ ನೋಡ್ತೀವಿ ಸಾರ್. ನಮ್ಮ ಕ್ಲಾಸಲ್ಲಿ ಕೇಳಿ, ಅವತ್ತು ಯಾಕೆ ರಜ ಅಂತ ಅರ್ಧ ಮಕ್ಕಳಿಗೆ ಗೊತ್ತಿರ್ಲಿಲ್ಲ."

ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳು ಹಿಂದಿನಿಂದ ಕೂಗಿದಳು. "ನಿಂಗೇನು ಮಗ, ಹೇಳ್ತೀಯ. ನಮ್ಗೆ ರಜ ಸಿಗೋದೇ ಅಪರೂಪ. ಬಂದದ್ದನ್ನೂ ತಪ್ಪಿಸ್ತೀಯಲ್ಲ ಮಾರಾಯ್ತಿ!"

ಇವಳು ನನ್ನ ಕಡೆ ನೋಡಿದಳು. ನಾನು ಎದ್ದೆ. "ಅವಳು ಹೇಳೋದು ನ್ಯಾಯ ಐತೆ. ಮೈ ನೋಯ್ತದೆ, ರಜ ಬೇಕು. ಬೇಕು ಅಂತ ಬಾಯಿಬಿಟ್ಟು ಕೇಳಣ, ನಾನೂ ನಿನ್ ಜತೆ ಎಸ್ಟೇಟ್ ಆಫೀಸಿಗೆ ಬತ್ತೀನಿ. ಆದ್ರೆ ಸತ್ತ ಹುಡುಗ್ನ ಹೆಗಲ ಮೇಲೆ ಕೂತು ಬ್ಯಾಡ ಕಣವ್ವ," ಅಂದೆ. ಆ ಹೆಂಗಸು, "ಆಫೀಸಿಗೆ ಯಾವತ್ತು ಬತ್ತೀಯ ಹೇಳು ಮತ್ತೆ," ಅಂದಳು. ಹೋಗಿಯೂ ಬಂದೆವು, ಅದು ಬೇರೆ ಕಥೆ.

ಕೊನೆಗೆ ಮೇಷ್ಟ್ರು ಬುದ್ಧಿವಂತರು, ಕೆಳಮನೆಯವಳನ್ನೇ ಕೇಳಿದರು. ಅವಳು ಗೋಡೆ ಬದಿ ನಿಂತಿದ್ದಳು. ಸೆರಗು ಸರಿಮಾಡಿಕೊಂಡು, "ದೇಶದ್ದು ನಂಗೊತ್ತಿಲ್ಲ. ನಂಗೆ ಅವತ್ತು ಜನ ಬೇಕು," ಅಂದಳು. ಅಷ್ಟೇ.

ಸರ್ಕಾರಕ್ಕೆ ಬರೆಯುವುದು ಅಲ್ಲಿಗೆ ನಿಂತಿತು. ಆ ದಿನ ಸ್ಕೂಲು, ಅಂಗಡಿ, ತೋಟ ಎಲ್ಲ ನಡೆಯಲಿ, ಮಧ್ಯಾಹ್ನ ಮನೆಗೊಬ್ಬರ ಹಾಗೆ ಅವಳ ಕಣಕ್ಕೆ ಹೋಗಿ ಒಂದು ಗಂಟೆ ಕೆಲಸ ಮಾಡಿ ಬರುವುದು ಅಂತ ಮಾತಾಯಿತು. ಬೇರೆ ಊರಿನಲ್ಲೂ ಹೀಗೆ ಹೋದವರ ಮನೆ ಇದ್ದೇ ಇರುತ್ತದೆ. ದೇಶಕ್ಕೆ ನೋವಾದ ದಿನ ಕದ ಮುಚ್ಚಿ ಕೂರುವುದಕ್ಕಿಂತ ಆ ಮನೆಯ ಕದ ತಟ್ಟುವುದು ಮೇಲು. ದೊಡ್ಡ ಓದು ಓದಿದವರು ಬಂದು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ.

ಈ ವರ್ಷ ಆ ದಿನ ಬಂತು. ಮೊದಲು ಬಂದವರು ಸ್ಕೂಲಿನ ಮಕ್ಕಳು. ಅವರಿಗೆ ಒಣಹಾಕಿದ ಕಾಫಿ ಕೈಯಾಡಿಸಲು ಎಲ್ಲಿ ಬರುತ್ತದೆ? ಕಾಫಿ ಎಳೆಯುವ ಹಲಗೆ ಹಿಡಿದು ಅಡ್ಡಾದಿಡ್ಡಿ ಎಳೆದು ಕಣ ಹಾಳು ಮಾಡುತ್ತಿದ್ದವು. ಕೆಳಮನೆಯವಳು, "ಹಂಗಲ್ಲ ಕಣ್ರೋ, ಬಿಸ್ಲಿಗೆ ಮುಖ ಮಾಡಿ ಎಳೀರಿ," ಅಂತ ಗದರುತ್ತ ತಾನೇ ಇಳಿದಳು. ಅವಳ ದನಿ ಅಷ್ಟು ಜೋರಾಗಿ ಕೇಳಿ ಬಹಳ ದಿನವಾಗಿತ್ತು.

ನನ್ನ ಮೊಮ್ಮಗಳು ಕೇಳಿದಳು, "ಅತ್ತೆ, ಅಣ್ಣ ನಮ್ಮಷ್ಟಿದ್ದಾಗ ಚೆನ್ನಾಗಿ ಕೆಲ್ಸ ಮಾಡ್ತಿದ್ನಾ?"

"ಎಲ್ಲಿ ಮಾಡ್ತಿದ್ದ! ಹಲಗೆ ಕೈಗೆ ಕೊಟ್ರೆ ಅದ್ರ ಮೇಲೆ ನಾಯಿಮರೀನ ಕೂರ್ಸ್ಕಂಡು ಎಳ್ದಾಡ್ತಿದ್ದ ಮುಂಡೇದು. ಒಂದ್ಸಲ ಕಾಫಿ ಗುಡ್ಡೆ ಒಳಗೆ ಬಚ್ಚಿಟ್ಕಂಡು ನಂಗೆ ಕಾಣ್ದೆ..."

ಮಕ್ಕಳು ಕೆಲಸ ಬಿಟ್ಟು ಸುತ್ತ ನಿಂತವು. ಒಬ್ಬೊಬ್ಬರಾಗಿ ದೊಡ್ಡವರೂ ಬಂದು ಸೇರಿಕೊಂಡರು. ಕಣದ ನಡುವೆ ನಿಂತು ಅವಳು ಮಗನ ಕಿತಾಪತಿಯನ್ನು ಒಂದಾದ ಮೇಲೊಂದು ಹೇಳುತ್ತಲೇ ಇದ್ದಳು, ಒಂದು ಗಂಟೆ ಯಾವಾಗಲೋ ಮುಗಿದಿತ್ತು, ಯಾರೂ ಹೊರಡಲಿಲ್ಲ.