ಲಂಡನ್ನಿನ ತಾರೀಖು, ಹರಪನಹಳ್ಳಿಯ ಮುಹೂರ್ತ

ಹೂವಿನಹಡಗಲಿಯಲ್ಲಿ ಮದುವೆಗೆಂದು ಮಲ್ಲಿಗೆ ಹೇಳಿಟ್ಟು, ಆಮೇಲೆ ಬೇಡ ಎಂದವನ ಮುಖವನ್ನು ಊರು ಸುಲಭಕ್ಕೆ ಮರೆಯುವುದಿಲ್ಲ. ನಾನು ಹಾಗೆ ಎರಡು ಸಲ ಬೇಡ ಎಂದವನು. ಎರಡು ಸಲವೂ ಕಾರಣ ಬ್ರಿಟಿಷ್ ಪಾರ್ಲಿಮೆಂಟು. ಇದನ್ನು ಬಸ್ ಸ್ಟ್ಯಾಂಡಿನ ಹತ್ತಿರ ಹೂವಿನ ವ್ಯಾಪಾರ ಮಾಡುವ ಹೊನ್ನೂರಸಾಬರಿಗೆ ಬಿಡಿಸಿ ಹೇಳಲು ನಾನು ಪಟ್ಟ ಪಾಡು, ಕಾಲೇಜಿನಲ್ಲಿ ಇಡೀ ಆಯುಷ್ಯ ರಾಜ್ಯಶಾಸ್ತ್ರ ಪಾಠ ಮಾಡುವಾಗಲೂ ಪಟ್ಟಿರಲಿಲ್ಲ. ಅವರು ಮೊಗ್ಗಿನ ಮೇಲೆ ನೀರು ಚಿಮುಕಿಸುತ್ತ ಎಲ್ಲವನ್ನೂ ಕೇಳಿ, "ಅಲ್ರೀ ಸರ್, ಅವರು ಬ್ಯಾರೆ ಆಗೋದಕ್ಕೂ ನಿಮ್ಮನಿ ಮದುವಿಗೂ ಏನ್ರೀ ಸಂಬಂಧ?" ಎಂದರು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಂಥ ಪ್ರಶ್ನೆ ಕೇಳಲಿಲ್ಲವಾದ್ದರಿಂದಲೇ ನಾನು ಸುಖವಾಗಿ ನಿವೃತ್ತನಾದೆ ಎಂದು ಕಾಣುತ್ತದೆ.

ಸಂಬಂಧ ಹೇಳುತ್ತೇನೆ, ಕೇಳಿ. ಹರಪನಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳು ಶೈಲಾ ಇಂಗ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್. ಭಾವನ ಬಾಯಲ್ಲಿ ಆ ದೇಶದ ಎಲ್ಲ ಊರೂ ಲಂಡನ್ನೇ. ಅವಳು ಒಮ್ಮೆ ಊರಿಗೆ ಬಂದಿದ್ದಾಗ ಕೊಟ್ಟೂರಿನ ವೀರೇಶನೊಂದಿಗೆ ಮದುವೆಯ ಮಾತಾಗಿ, ಹೂ ಮುಡಿಸುವ ಶಾಸ್ತ್ರವೂ ನಡೆಯಿತು. ವೀರೇಶನ ಅಪ್ಪ ಚನ್ನಬಸಪ್ಪ ನನ್ನ ಗೆಳೆಯ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಅವನು ಇತಿಹಾಸ, ನಾನು ರಾಜ್ಯಶಾಸ್ತ್ರ. ಒಂದೇ ಬುತ್ತಿಯಲ್ಲಿ ಉಂಡವರು. ಸಂಬಂಧ ಕುದುರಿಸಿದ್ದು ನಾವಿಬ್ಬರೇ. ಮದುವೆಯಾದ ಮೇಲೆ ಹುಡುಗ ಅಲ್ಲಿಗೆ ಹೋಗುವುದೋ, ಹುಡುಗಿ ಇಲ್ಲಿಗೆ ಬರುವುದೋ? ಅದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡೆವು. ಯುರೋಪಿನ ಒಕ್ಕೂಟದಿಂದ ಬೇರೆಯಾಗುತ್ತೇವೆಂದು ಓಟು ಹಾಕಿದ ಬ್ರಿಟಿಷರೂ ಹೀಗೇ ಅಂದುಕೊಂಡಿದ್ದರೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ತೊಡಕಾದದ್ದು ರಜೆಯಿಂದ. ಆ ವೃದ್ಧಾಶ್ರಮದಲ್ಲಿ ಅರ್ಧಕ್ಕರ್ಧ ಕೆಲಸದವರು ಯುರೋಪಿನವರು. ಬ್ರಿಟನ್ ಬೇರೆಯಾಗುತ್ತದೆಂದು ಗೊತ್ತಾದದ್ದೇ ಅವರು ಒಬ್ಬೊಬ್ಬರಾಗಿ ತಮ್ಮ ದೇಶಗಳಿಗೆ ಹೊರಟರು. ಉಳಿದವರ ಮೇಲೆ ಕೆಲಸ ಬಿತ್ತು. ಔಷಧಿ ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ. ಹೀಗಾಗಿ ಮಾರ್ಚ್ ಕೊನೆಗೆ ದೇಶ ಹೊರಬೀಳುವ ತಾರೀಖು ದಾಟುವ ತನಕ ಯಾರಿಗೂ ಉದ್ದ ರಜೆ ಇಲ್ಲ, ದಾಟಿದ ಮೇಲೆ ಕೊಡುತ್ತೇವೆ ಎಂದು ಮೇಲಿನವರು ಹೇಳಿದರು.

"ಹಂಗಾರ ಏಪ್ರಿಲ್ನ್ಯಾಗ ಮುಹೂರ್ತ ತೆಗಿಸಿಬಿಡಾಮು," ಎಂದರು ಭಾವ. ಪಂಪ್‌ಸೆಟ್ ರಿಪೇರಿ ಅಂಗಡಿಯ ನಮ್ಮ ಭಾವನಿಗೆ ಬ್ರಿಟಿಷರ ಮೇಲೆ ವಿಪರೀತ ನಂಬಿಕೆ. "ಅವರು ತಾರೀಖು ಹೇಳ್ಯಾರಂದ್ರ ಮುಗೀತಪ್ಪ. ನಮ್ಮೋರಂಗಲ್ಲ. ಅವರು ಕಟ್ಟಿದ ಸೇತುವಿ ಇನ್ನೂ ನಿಂತಾವ, ನಮ್ಮೋರು ಹ್ವಾದ ವರ್ಷ ಕಟ್ಟಿದ್ದು ಎಲ್ಲಿ ಐತಿ ಹುಡುಕು."

ಮುಹೂರ್ತ ತೆಗೆಯುವ ಅಯ್ಯನವರು ಪಂಚಾಂಗದ ಮೇಲಿಂದ ತಲೆಯೆತ್ತಿ ಭಾವನನ್ನೇ ನೋಡಿದರು. "ರಾಹುಕಾಲ ಕೇಳೋರದಾರ, ಗುಳಿಕಕಾಲ ಕೇಳೋರದಾರ. ಇಂಗ್ಲೆಂಡಿನ ಕಾಲ ಕೇಳಿದೋರು ನೀವಾ ಮೊದಲು." ಆದರೂ ಏಪ್ರಿಲ್ ನಡುವಿನಲ್ಲಿ ಒಂದು ಒಳ್ಳೆಯ ಲಗ್ನ ಹುಡುಕಿಕೊಟ್ಟರು. ಪಂಚಾಂಗದ ಪಕ್ಕದಲ್ಲಿ ಲಂಡನ್ನಿನ ತಾರೀಖು ಇಟ್ಟುಕೊಂಡು ಮದುವೆ ಗೊತ್ತು ಮಾಡಿದ ಮನೆ ನಮ್ಮ ಸೀಮೆಯಲ್ಲಿ ನಮ್ಮದೊಂದೇ ಇದ್ದೀತು.

ನಮ್ಮ ಮನೆತನದ ಯಾವುದೇ ಮದುವೆಯಿರಲಿ, ಹೂವು ಹಡಗಲಿಯ ಸೋದರಮಾವನದು, ಅಂದರೆ ನನ್ನದು. ದಂಡೆ, ಮಾಲೆ, ಬಂದ ಹೆಂಗಸರ ಮುಡಿಗೆ ಮೊಳ ಮೊಳ ಮಲ್ಲಿಗೆ. ಲಗ್ನದ ಕಾಲದಲ್ಲಿ ಮೊದಲೇ ಹೇಳಿಡದಿದ್ದರೆ ಸಿಗುವುದಿಲ್ಲ. ಹೊನ್ನೂರಸಾಬರು ತೋಟದವರಿಗೆ ಮಾತು ಕೊಡುತ್ತಾರೆ. ಅವರ ಮಾತಿನ ಹಿಂದೆ ನನ್ನ ಮಾತು. ನಸುಕಿನಲ್ಲಿ ಬಿಡಿಸಿದ ಮೊಗ್ಗು ಸಂಜೆಗೆ ಅರಳಲೇಬೇಕು. ನಾಳೆ ಅರಳು ಎಂದು ಅದಕ್ಕೆ ಯಾರೂ ಹೇಳುವಂತಿಲ್ಲ.

ಆ ಮಾರ್ಚ್ ತಿಂಗಳು ನಾನು ಟೀವಿಯ ಮುಂದಿನಿಂದ ಏಳಲಿಲ್ಲ. ಪಾರ್ಲಿಮೆಂಟುಗಳ ತಾಯಿ ಎಂದು ನಾನು ವರ್ಷವರ್ಷವೂ ಹೊಗಳಿ ಪಾಠ ಮಾಡಿದ ಆ ಸಭೆಯಲ್ಲಿ ಹಸಿರು ಬೆಂಚಿನ ಮೇಲೆ ಇಕ್ಕಟ್ಟಾಗಿ ಕೂತು ಎಲ್ಲರೂ ಕೂಗಾಡುತ್ತಿದ್ದರು. ಯುರೋಪಿನೊಂದಿಗಿನ ಒಪ್ಪಂದ ಬೇಡ ಎಂದರು. ಒಪ್ಪಂದವಿಲ್ಲದೆ ಹೋಗುವುದೂ ಬೇಡ ಎಂದರು. ಹಾಗಾದರೆ ಏನು ಬೇಕು ನೀವೇ ಹೇಳಿ ಎಂದು ಒಂದು ದಿನ ದಾರಿಗಳನ್ನೆಲ್ಲ ಮುಂದಿಟ್ಟರೆ, ಒಂದಕ್ಕೂ ಬಹುಮತ ಬರಲಿಲ್ಲ. ರೊಟ್ಟಿ ಬಡಿಯುತ್ತಲೇ ಇದನ್ನು ಕೇಳಿಸಿಕೊಂಡ ನನ್ನ ಹೆಂಡತಿ, "ಬೀಗರೂಟದಾಗ ಮುನಿಸಿಕೊಂಡ ಗಂಡಿನ ಕಡೆಯೋರಂಗ ಅದಾರಲ್ರೀ ಇವರು," ಎಂದಳು. ನಾನು ನಗಲಿಲ್ಲ. ಗಂಡಿನ ಕಡೆಯವರು ಎಂಬ ಮಾತಿಗೇ ಎದೆ ಹೊಡೆದುಕೊಳ್ಳುವ ಕಾಲ ಅದು. ಕೊನೆಗೆ ಬ್ರಿಟನ್ ಹೋಗಲಿಲ್ಲ. ತಾರೀಖು ಮೊದಲು ಸ್ವಲ್ಪ ಸರಿಯಿತು, ಆಮೇಲೆ ಒಮ್ಮೆಲೇ ಅಕ್ಟೋಬರ್ ಕೊನೆಗೆ ಹಾರಿತು. ಶೈಲಾಳ ರಜೆಯೂ ಅದರ ಹಿಂದೆಯೇ ಹಾರಿತು. ನಾನು ಹೋಗಿ ಹೊನ್ನೂರಸಾಬರ ಮುಂದೆ ನಿಂತೆ.

ಅಲ್ಲಿಯ ಜನರ ಬೇಸರ ನಮ್ಮದಕ್ಕಿಂತ ಕಡಿಮೆಯದೇನಲ್ಲ ಎಂದು ಶೈಲಾ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದಳು. "ಹೋಗಾಮು ಅಂದೋರೂ ಬ್ಯಾಸತ್ತಾರ ಮಾಮ, ಇರಾಮು ಅಂದೋರೂ ಬ್ಯಾಸತ್ತಾರ. ಏನರ ಒಂದು ಮಾಡಿ ಮುಗಿಸ್ರೋ ಅಂತ ಗುರ್ತಿಲ್ಲದ ಮಂದಿ ಬಸ್ಸಿನ್ಯಾಗ ನನ್ನ ಮುಂದ ಹೇಳ್ಕೊಂತಾರ." ಒಮ್ಮೆ ಅದೇ ಬಸ್ಸಿನಲ್ಲಿ ಒಬ್ಬ, ನೀನು ಯಾವಾಗ ನಿನ್ನ ದೇಶಕ್ಕೆ ಹೋಗ್ತೀ ಎಂದು ಅವಳ ಮುಖಕ್ಕೇ ಕೇಳಿದನಂತೆ. "ರಜಾ ಕೊಟ್ರ ಇವತ್ತಾ ಹೋಗ್ತಿದ್ದೆ ಅಂದೆ ಮಾಮ," ಎಂದು ನಕ್ಕಳು. ಆ ನಗು ನನಗೆ ಸೇರಲಿಲ್ಲ.

ಅವಳು ಹೆಚ್ಚಾಗಿ ಹೇಳುತ್ತಿದ್ದದ್ದು ಒಬ್ಬ ಅಜ್ಜಿಯ ವಿಷಯ. ಆ ಅಜ್ಜಿ ಬೇರೆಯಾಗುವುದೇ ಸರಿ ಎಂದು ಓಟು ಹಾಕಿದ್ದಳು. ಅವಳ ಒಬ್ಬಳೇ ಮಗಳ ಗಂಡ ಇಟಲಿಯವನು. ನನ್ನ ಗಂಡನನ್ನು ಓಡಿಸಲು ಓಟು ಹಾಕಿದೆಯಾ ಎಂದು ಮಗಳು ಜಗಳವಾಡಿ, ಭಾನುವಾರ ತಪ್ಪದೆ ಬರುತ್ತಿದ್ದವಳು ಬರುವುದನ್ನೇ ಬಿಟ್ಟಳು. ಪಾರ್ಲಿಮೆಂಟು ಇವತ್ತು ಮುಗಿಸುತ್ತದೆ, ನಾಳೆ ಮುಗಿಸುತ್ತದೆ, ಮುಗಿದರೆ ಮಗಳ ಸಿಟ್ಟೂ ಇಳಿಯುತ್ತದೆ ಎಂದು ಅಜ್ಜಿಯ ಲೆಕ್ಕ. ಬೆಳಿಗ್ಗೆ ತಲೆ ಬಾಚಲು ಹೋದ ಶೈಲಾಳಿಗೆ ಅವಳ ಮೊದಲ ಪ್ರಶ್ನೆ, "ಮುಗೀತಾ?" ಹರಪನಹಳ್ಳಿಯಿಂದ ಅಕ್ಕ ನನಗೆ ಫೋನು ಮಾಡಿದರೂ ಅದೇ: "ಮುಗೀತೇನೋ?"

ಯುರೋಪು ಎಲ್ಲಿದೆ ಎಂದು ಅಕ್ಕನಿಗೆ ಗೊತ್ತಿಲ್ಲ. ಆದರೆ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರುವುದು ಅವಳಿಗೆ ಹೊಸದೇನಲ್ಲ. ಅವಳು ಮದುವೆಯಾಗಿ ಹೋದಾಗ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಡುವೆ ದಾವಣಗೆರೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಬಂತು. ಅವಳ ಮನೆ, ಕಟ್ಟೆ, ತುಳಸಿ ಒಂದೂ ಜರುಗಿಲ್ಲ. "ನಮ್ಮನ್ನ ಯಾರು ಕೇಳಿದ್ರೋ?" ಎನ್ನುತ್ತಾಳೆ. ಅಲ್ಲಿ ಕೇಳಿದರಲ್ಲ ಅಕ್ಕಾ, ಒಬ್ಬೊಬ್ಬರನ್ನೂ ಕೇಳಿದರು ಎಂದರೆ, "ಕೇಳಿ ಏನು ಮಾಡಿದ್ರು?" ಎಂದು ಮರುಪ್ರಶ್ನೆ. ಕೇಳದೆ ಮಾಡಿದ್ದು ಇಲ್ಲಿಯ ಕಥೆ, ಕೇಳಿಯೂ ಮಾಡಲಾಗದ್ದು ಅಲ್ಲಿಯದು. ಎರಡರಲ್ಲಿ ಯಾವುದು ಮೇಲು ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾನೇ ಫೇಲಾಗುತ್ತೇನೆ.

ಎರಡನೆಯ ಮುಹೂರ್ತ ದೀಪಾವಳಿ ಕಳೆದ ಮೇಲೆ ಇತ್ತು. ಭಾವನಿಗೆ ಇನ್ನೂ ನಂಬಿಕೆ ಹೋಗಿರಲಿಲ್ಲ. ಹೊನ್ನೂರಸಾಬರು, "ಈ ಸಲ ಖರೇನಾ ಸರ್?" ಎಂದು ಕೇಳಿಯೇ ತೋಟದವರಿಗೆ ಮಾತು ಕೊಟ್ಟರು. ಅಕ್ಟೋಬರ್ ಕೊನೆ ಬಂತು. ಬ್ರಿಟಿಷರು ಜನವರಿ ಎಂದರು. ಚನ್ನಬಸಪ್ಪ ಕೊಟ್ಟೂರಿನಿಂದ ಬಂದ. ಕೊಟ್ಟ ಚಹಾ ಕುಡಿಯಲಿಲ್ಲ.

"ಯಾವುದೋ ದೇಶದೋರು ಕಚ್ಚಾಡಿದ್ರ ನನ್ನ ಮಗ ಎಷ್ಟು ದಿವಸ ಬಾಸಿಂಗ ಕಾಯ್ಬೇಕಲೇ? ಮನ್ಯಾಗ ಹೆಂಗಸ್ರು ನನ್ನ ಹರಿದು ತಿಂತಾರ. ಇದು ಬ್ಯಾಡ ಬಿಡು."

"ಇನ್ನ ಮೂರು ತಿಂಗಳು ತಡಿಯೋ. ಜನವರಿಗೆ ಮುಗೀತತಿ."

"ಮಾರ್ಚಿಗೂ ಇದನ್ನಾ ಹೇಳಿದ್ದಿ."

ಅವನು ಹೇಳಿದ್ದು ಸುಳ್ಳಲ್ಲ. ಆದರೂ ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಪಾರ್ಲಿಮೆಂಟಿಗೆ ಬೈಯಬೇಕಾದದ್ದನ್ನೆಲ್ಲ ಅವನಿಗೆ ಬೈದೆ. ಅವನೂ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ವೀರೇಶನಿಗೆ ಕೂಡ್ಲಿಗಿಯ ಹುಡುಗಿಯೊಂದಿಗೆ ಮದುವೆಯಾಯಿತು. ಹೂವು ಎಲ್ಲಿಂದ ಹೋಯಿತೆಂದು ನನಗೆ ಹೇಳಿದವರು ಹೊನ್ನೂರಸಾಬರೇ: "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ್. ಕೊಟ್ಟೂರಿಂದ ಹೇಳಿಕಳ್ಸಿದ್ರು, ಕೊಟ್ಟೆ. ಬಾಡೋ ಸಾಮಾನು ನೋಡ್ರಿ." ಅಂದಿನಿಂದ ನಾನು ಕೊಟ್ಟೂರಿನಲ್ಲಿ ಇಳಿಯುವುದನ್ನು ಬಿಟ್ಟೆ.

ಸುದ್ದಿ ಕೇಳಿ ಶೈಲಾ, "ಇರ್ಲಿ ಬಿಡು ಮಾಮ," ಎಂದಳು. ನಾನು ಫೋನು ಇಡುವಷ್ಟರಲ್ಲಿ, "ಇವತ್ತು ಆ ಅಜ್ಜಿ ತಲಿ ಬಾಚಲಿಲ್ಲ ನಾನು," ಎಂದಳು. "ಆಕಿ ಹಾಕಿದ ಒಂದು ಓಟಿಗೆ ನನ್ನ ಮದುವಿ ಹೋತು ಅನ್ನಿಸ್ತು. ಬಾಚಣಿಗಿ ಅಲ್ಲೇ ಇಟ್ಟು ಹೊರಗ ಬಂದೆ. ಆಕಿ ಒಳಗಿಂದ್ಲಾ 'ಮುಗೀತಾ' ಅಂತ ಕೇಳಿದ್ಲು ಮಾಮ." ಮತ್ತೆ ಒಳಗೆ ಹೋಗಿ ಬಾಚಿದಳಂತೆ.

ಜನವರಿಯ ಕೊನೆಯ ದಿನ ಅದು ನಿಜವಾಗಿ ಮುಗಿಯಿತು. ಕೆಲವರು ಕುಣಿದರು, ಕೆಲವರು ಅತ್ತರು. ಅಜ್ಜಿಗೆ ಶೈಲಾ ಮುಗೀತು ಎಂದು ಹೇಳಿದಾಗ ಅವಳು ಕುಣಿಯಲೂ ಇಲ್ಲ, ಅಳಲೂ ಇಲ್ಲ. ಹಾಗಾದರೆ ಈ ಭಾನುವಾರ ನನ್ನ ಮಗಳು ಬರುತ್ತಾಳಲ್ಲ ಎಂದು ಕೇಳಿದಳು. ನಾನು ಅಕ್ಕನಿಗೆ ಫೋನು ಮಾಡಿ ಮುಗೀತಕ್ಕಾ ಎಂದರೆ, ಅವಳೂ, "ಹಂಗಾರ ನಮ್ಮ ಶೈಲಾ ಯಾವಾಗ ಬರ್ತಾಳ?" ಎಂದಳು. ಮದುವೆ ಹೋದರೂ ರಜೆ ಮಂಜೂರಾಗಿತ್ತು, ಮತ್ತೆ ಮಾರ್ಚ್ ಕೊನೆಗೇ. ಆ ವರ್ಷದ ಮಾರ್ಚಿನಲ್ಲಿ ಕೊರೋನಾ ಬಂದು ವಿಮಾನಗಳೆಲ್ಲ ನಿಂತದ್ದು ನಿಮಗೂ ಗೊತ್ತು.

ವಿಮಾನಗಳು ಮತ್ತೆ ಹಾರಿ ಶೈಲಾ ಊರಿಗೆ ಬಂದಾಗ ಹರಪನಹಳ್ಳಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತ್ತು. ಮಗಳು ಹುಟ್ಟಿದ ಜಿಲ್ಲೆ ಒಂದು, ಓದಿದ ಜಿಲ್ಲೆ ಒಂದು, ಬಂದಿಳಿದದ್ದು ಇನ್ನೊಂದು. ಬಾಗಿಲು ಮಾತ್ರ ಅದೇ. ನಾನು ಈ ಸಲ ಹೊನ್ನೂರಸಾಬರಿಗೆ ಮೊದಲೇ ಹೇಳಿಡಲಿಲ್ಲ. ಅವಳು ಮನೆ ಮುಟ್ಟಿದ ಸುದ್ದಿ ಬಂದ ಮೇಲೆ ಹೋಗಿ, ಬುಟ್ಟಿಯಲ್ಲಿದ್ದ ಮಲ್ಲಿಗೆಯನ್ನೇ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಅಕ್ಕ ಮಗಳನ್ನು ಹೊಸ್ತಿಲ ಹತ್ತಿರ ಕೂರಿಸಿಕೊಂಡು ಹೂ ಮುಡಿಸುತ್ತಿದ್ದಳು. ಯಾವ ಶಾಸ್ತ್ರವೂ ಇರಲಿಲ್ಲ. ಮುಡಿಸುತ್ತಲೇ ಕೇಳಿದಳು: "ಆ ಅಜ್ಜಿ?"

"ಹೋದ್ಲವ್ವಾ. ಕೊರೋನಾದಾಗ."

"ಮಗಳು ಬಂದ್ಲೇನು?"

"ಬಂದ್ಲು. ಒಳಗ ಬಿಡಲಿಲ್ಲ, ಯಾರನ್ನೂ ಬಿಡ್ತಿದ್ದಿಲ್ಲ. ಕಿಟಿಕಿ ಹೊರಗ ನಿಂತಿದ್ಲು. ನಾನು ಅಜ್ಜಿ ಕೈ ಎತ್ತಿ ತೋರಿಸ್ದೆ."

ಅಕ್ಕನ ಕೈ ಮಗಳ ಜಡೆಯ ಮೇಲೆ ಹಾಗೇ ನಿಂತಿತು. "ಬಾಗಲ ತೆಗೆದಿದ್ದಾಗ ಬರಬೇಕಿತ್ತು," ಎಂದಳು. ಅಳುತ್ತಿದ್ದಳು. ಅಳುತ್ತಲೇ ನನ್ನ ಕಡೆ ತಿರುಗಿ, "ನೀನೂ ಕೇಳಿಸ್ಕಳಲೇ. ಚನ್ನಬಸಪ್ಪನ ಕೂಡ ಮಾತಾಡಿ ಎಷ್ಟು ದಿವಸಾತು?" ಎಂದಳು.

ಮರುದಿನ ಹರಪನಹಳ್ಳಿಯಿಂದ ಹಡಗಲಿಗೆ ನೇರ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ನಾನು ಕೊಟ್ಟೂರಿನ ಬಸ್ಸು ಹತ್ತಿದೆ. ಚನ್ನಬಸಪ್ಪ ಮನೆಯಲ್ಲಿದ್ದಾನೋ ಇಲ್ಲವೋ ಫೋನು ಮಾಡಿ ಕೇಳಿರಲಿಲ್ಲ. ಕೇಳಿದ್ದರೆ ಅವನು ಒಂದು ತಾರೀಖು ಹೇಳುತ್ತಿದ್ದ, ನಾನು ಅದನ್ನು ಮುಂದೂಡುತ್ತಿದ್ದೆ.