ಕಾಕು ಮುರಿದ ಘಡಿ

ಕಾಕುವಿನ ಎಡಭುಜ ಬಲಭುಜಕ್ಕಿಂತ ಕೆಳಗಿತ್ತು. ಸೀರೆಯ ಗಂಟು ಹೊತ್ತು ಹೊತ್ತು ಹಾಗಾಗಿತ್ತು. ಗಂಟು ಇಳಿಸಿ ಕೂತಾಗಲೂ ಆ ಭುಜ ಮೇಲೇಳುತ್ತಿರಲಿಲ್ಲ. ಜಂಪರಿನ ಎಡ ಹೆಗಲು ಸವೆದು ಹರಿದರೆ ತೇಪೆ ಹಾಕಿಕೊಂಡು, "ಛಲೋನ ಆತ ಬಿಡು, ಅರ್ಧಾ ಜಂಪರ ಇನ್ನೂ ಹೊಸಾದ ಐತಿ" ಎಂದು ನಗುತ್ತಿದ್ದಳು.

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆನಾದರೂ ಸಂಬಂಧದಲ್ಲಿ ಆಕೆ ನನಗೆ ಏನೂ ಆಗಬೇಕಿರಲಿಲ್ಲ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ, ಅಷ್ಟೇ. ನನ್ನಪ್ಪನೂ ಆಕೆಯ ಗಂಡನೂ ಅಥಣಿ ಕಡೆಯಿಂದ ಬಂದು ಒಂದೇ ಶೆಡ್ಡಿನಲ್ಲಿ ಮಗ್ಗ ನಡೆಸಿದವರು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಊರಿಗೆ ವಾಪಸು ಹೋಗು ಅಂದವರಿಗೆಲ್ಲ, "ಅಲ್ಲಿ ನನಗ ಯಾರ ಹೋಳಿಗಿ ಮಾಡಿ ಇಟ್ಟಾರ?" ಎಂದು ಕೇಳಿ, ಪೇಟೆಯಿಂದ ಸೀರೆ ತಂದು ಗಂಟು ಕಟ್ಟಿಕೊಂಡು ಎಸ್‌ಟಿ ಬಸ್ಸು ಹತ್ತಿದಳು. ಗಡಹಿಂಗ್ಲಜ, ಚಂದಗಡ ಕಡೆಯ ಹಳ್ಳಿಗಳಲ್ಲಿ ಆಕೆ ಹೋಗದ ಮನೆ ಇರಲಿಲ್ಲ. ಕನ್ನಡದವರ ಮನೆಯಲ್ಲಿ ಕನ್ನಡ, ಮರಾಠಿಯವರ ಮನೆಯಲ್ಲಿ ಮರಾಠಿ, ಎರಡರಲ್ಲೂ ಅಷ್ಟೇ ಜೋರು ಮಾತು.

ಹೊಸ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚಿ ಉಡುವುದಕ್ಕೆ ನಮ್ಮ ಕಡೆ ಘಡಿ ಮುರಿಯುವುದು ಅನ್ನುತ್ತೇವೆ. ಜೀವಕ್ಕೆ ಹತ್ತಿರದವರು ಯಾರಾದರೂ ಇದ್ದರೆ, ನಾವು ಉಡುವ ಮೊದಲು ಅವರ ಕೈಗೆ ಸೀರೆ ಕೊಟ್ಟು, "ಒಂದಿನ ನೀ ಉಟ್ಟು ಘಡಿ ಮುರಿದು ಕೊಡು" ಅನ್ನುತ್ತೇವೆ. ಅದಕ್ಕಿಂತ ದೊಡ್ಡ ಪ್ರೀತಿ ಹೆಂಗಸರ ನಡುವೆ ಇಲ್ಲ. ಗಂಡ ಸತ್ತವಳಿಗೆ ಮಾತ್ರ ಯಾರೂ ಹಾಗೆ ಕೊಡುವುದಿಲ್ಲ. ಊರೂರಿಗೆ ಸೀರೆ ಉಡಿಸಿದ ನನ್ನ ಕಾಕುವಿಗೆ ಒಬ್ಬಳೂ ಕೊಟ್ಟಿರಲಿಲ್ಲ. ಮಾರುವಾಗಲೂ ಆಕೆ ಸೆರಗು, ದಡಿ ಇಷ್ಟನ್ನೇ ತುಸು ಎಳೆದು ತೋರಿಸುವಳು. "ಗಂಟ ಬಿಚ್ಚೂದು ನನ್ನ ಕೆಲಸ, ಘಡಿ ಮುರಿಯೂದು ಮನಿಯಾಕಿ ಕೆಲಸ" ಅನ್ನುವಳು. ನಗುತ್ತಲೇ ಅನ್ನುವಳು.

ನಾನು ಕೊಲ್ಹಾಪುರದಲ್ಲಿ ಎಂಬಿಎ ಓದುವ ಹೊತ್ತಿಗೆ ಗಂಟು ಹೋದಂತೆಯೇ ತಿರುಗಿ ಬರತೊಡಗಿತು. ಹಳ್ಳಿಯ ಸೊಸೆಯಂದಿರು ಫೋನಿನಲ್ಲಿ ಸೀರೆಯ ಫೋಟೋ ತೋರಿಸಿ, "ಇಂಥಾದ್ದ ಐತೇನ್ರಿ?" ಎಂದು ಕೇಳಿ, ಇಲ್ಲ ಅಂದರೆ ಚಹಾ ಕುಡಿಸಿ ಕಳಿಸುತ್ತಿದ್ದರು. ಕಾಕು ಮನೆಗೆ ಬಂದು ಗಂಟನ್ನು ದಪ್ಪೆಂದು ಇಳಿಸಿ, "ಚಾ ಕುಡಿಯಾಕ ಇಷ್ಟ ದೂರ ಹೋಗಿದ್ನೇನ ನಾ?" ಎಂದು ಗೋಡೆಯನ್ನು ಬೈಯುವಳು. ಆಗ ನನಗೆ ಪ್ರಾಜೆಕ್ಟಿಗೆ ಸಿಕ್ಕ ವಿಷಯ, ಡಿಜಿಟಲ್ ತಂತ್ರಜ್ಞಾನ ವ್ಯಾಪಾರದ ರೀತಿಯನ್ನು ಹೇಗೆ ಬದಲಿಸುತ್ತದೆ ಎಂಬುದು. ಗೆಳತಿಯರು ದೊಡ್ಡ ದೊಡ್ಡ ಕಂಪನಿ ಹಿಡಿದರು. ನಾನು ಕಾಕುವನ್ನು ಹಿಡಿದೆ.

"ನನ್ನ ಮ್ಯಾಲ ಏನ ಅಭ್ಯಾಸ ಮಾಡ್ತಿ? ನಾ ಏನ ರೋಗ ಏನ?" ಎಂದು ಜಗಳಾಡಿದಳು. ಆದರೂ ಕಲಿತಳು. ನಡುಮನೆಯ ಗೋಡೆಗೆ ಚಾದರ ಕಟ್ಟಿ, ಹಿಟ್ಟಿನ ಡಬ್ಬಿಗೆ ಫೋನು ಆನಿಸಿ, ಲೈವ್ ಶುರುವಾಯಿತು. ಹೆಂಗಸರು ನೋಡುತ್ತ ನೋಡುತ್ತ ಕೆಳಗೆ ಬರೆಯುವುದನ್ನೆಲ್ಲ ಕಾಕು ಕಣ್ಣು ಕಿರಿದು ಮಾಡಿ, ಅಕ್ಷರ ಕೂಡಿಸಿ, ಜೋರಾಗಿ ಓದಿಯೇ ಉತ್ತರ ಕೊಡುವಳು. ಎಲ್ಲರೂ ಕೇಳುತ್ತಿದ್ದುದು ಒಂದೇ, "ಉಟ್ಟು ತೋರ್ಸ್ರಿ." ಅದಕ್ಕೆ ರವಿವಾರ ನಾನು ಬಂದು ಒಂದೊಂದು ನಮೂನೆಯ ಒಂದು ಸೀರೆ ಉಟ್ಟು ನಿಲ್ಲುತ್ತಿದ್ದೆ. ಮಾರುವುದು ಅದರ ಜೋಡಿಯ, ಘಡಿ ಮುರಿಯದ ಸೀರೆ. ಈ ಕರಾರು ಕಾಕುವಿನದೇ. ವ್ಯಾಪಾರ ಚಿಗುರಿತು.

"ಏನ ಬರದಿ ನನ್ನ ಬಗ್ಗೆ?" ಎಂದು ಒಮ್ಮೆ ಕೇಳಿದಳು.

"ಊರೂರು ತಿರುಗೂದು ತಪ್ಪೇತಿ ಅಂತ ಬರದೇನಿ."

"ಖರೆ ಐತಿ, ಬರಿ. ಚಾ ತಪ್ಪೇತಿ ಅಂತನೂ ಬರಿ."

ಮದುವೆಯ ಹಂಗಾಮು ಬಂತು. ವಾರದ ನಡುವಿನ ದಿನ, ನಾನು ಕೊಲ್ಹಾಪುರದ ಹಾಸ್ಟೆಲಿನಲ್ಲಿ ಕೂತು ಫೋನಿನಲ್ಲಿ ಆಕೆಯ ಲೈವ್ ನೋಡುತ್ತಿದ್ದೆ. ಒಂದು ಹಸಿರು ಸೀರೆ. ಉಟ್ಟು ತೋರಿಸ್ರಿ, ಉಟ್ಟು ತೋರಿಸ್ರಿ ಎಂದು ಹೆಂಗಸರು ಬೆನ್ನು ಹತ್ತಿದರು. ಕಾಕು ಸ್ವಲ್ಪ ಹೊತ್ತು ಆ ಸೀರೆಯನ್ನೇ ನೋಡಿದಳು. ಆಮೇಲೆ ಘಡಿ ಬಿಚ್ಚಿ, ಉಟ್ಟ ಸೀರೆಯ ಮೇಲೆಯೇ ಸುತ್ತಿಕೊಂಡು, ಆ ಇಳಿದ ಭುಜದ ಮೇಲೆ ಸೆರಗು ಹೊದ್ದು ನಿಂತಳು. ಎಷ್ಟು ಚೆಂದ ಕಂಡಳು ಅಂದರೆ, ನಾನು ಕೂತಲ್ಲೇ "ಅಯ್ಯ ನನ್ನ ಕಾಕು!" ಅಂದೆ. "ಹೆಂಗ ಕಾಣತೈತ್ರೆವ್ವಾ?" ಎಂದು ಕೇಳಿ ಆಕೆ ಫೋನಿನತ್ತ ಬಗ್ಗಿ, ಎಂದಿನಂತೆ ಜೋರಾಗಿ ಓದತೊಡಗಿದಳು.

"ಗಂಡ... ಸತ್ತಾಕಿ... ಮೈಮ್ಯಾಲಿನ ಸೀರಿ... ನಮಗ ಬ್ಯಾಡ."

ಓದಿ ಮುಗಿದ ಮೇಲೆ ಆಕೆಗೆ ಅರ್ಥವಾಯಿತು. ಮುಖ ಸಣ್ಣದಾಯಿತು. ಆದರೂ ತಡವರಿಸದೆ, "ಹೌದ್ರೆವ್ವ, ತಪ್ಪಾತು. ಇದರ ಜೋಡಿದು ಘಡಿ ಹಂಗ ಐತಿ, ಅದನ್ನ ಕಳಸ್ತೀನಿ" ಅಂದಳು. ಸೀರೆ ತೆಗೆದಳು. ನಾನು ಇಲ್ಲಿ ಬೆಂಕಿಯಾಗಿ, ಆ ಹೆಂಗಸಿಗೆ ಬಾಯಿಗೆ ಬಂದಂತೆ ಬರೆದೆ. ಮರುಕ್ಷಣ ಕಾಕುವಿನ ಫೋನು. "ಏ ಹುಚ್ಚಿ, ಅಳಸಿ ಹಾಕ ಅದನ್ನ. ಗಿರಾಕಿಗೆ ಬೈಬಾರ್ದು."

"ಆಕಿ ನಿನಗ ಏನಂದ್ಲು ಗೊತ್ತೈತಿಲ್ಲ?"

"ಹಳ್ಯಾಗೂ ಮನಸಿನ್ಯಾಗ ಅದ ಇರತಿತ್ತ, ತಂಗಿ. ಆದ್ರ ಎದುರಿಗೆ ಕುಂತಾಗ ಯಾರೂ ಅಂದಿದ್ದಿಲ್ಲ ನೋಡು. ನೀರ ಕೊಟ್ಟು ಮಾತಾಡ್ಸ್ತಿದ್ರು." ಅಷ್ಟು ಹೇಳಿ ಫೋನು ಇಟ್ಟಳು. ನಾನು ಬರೆದದ್ದನ್ನು ಅಳಿಸಿದೆ.

ಆ ಮೇಲೆ ಕಾಕು ಲೈವಿನಲ್ಲಿ ಮುಖ ತೋರಿಸಲಿಲ್ಲ. ಎರಡು ಕೈ, ಸೀರೆಯ ಸೆರಗು, ಆ ದನಿ, ಇಷ್ಟೇ. ವ್ಯಾಪಾರ ಮಾತ್ರ ಬೆಳೆಯುತ್ತಲೇ ಹೋಯಿತು. ನನ್ನ ಪ್ರಾಜೆಕ್ಟನ್ನು ಸರ್ ಎಲ್ಲರೆದುರು ಹೊಗಳಿದರು. ಹೊಸ ರೀತಿಯಿಂದ ಗ್ರಾಹಕರಿಗೆ ಏನು ಸಿಕ್ಕಿತು, ವ್ಯಾಪಾರಿಗೆ ಏನು ಸಿಕ್ಕಿತು, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಆ ಹಸಿರು ಸೀರೆಯನ್ನು ಎಲ್ಲಿ ಬರೆಯಬೇಕು ಎಂದು ನನಗೆ ತಿಳಿಯಲೇ ಇಲ್ಲ.

ಓದು ಮುಗಿದು ಗಡಹಿಂಗ್ಲಜದ ಕಾಲೇಜೊಂದರಲ್ಲಿ ನನಗೆ ನೌಕರಿ ಸಿಕ್ಕಿತು. ಮೊದಲ ಪಗಾರದಲ್ಲಿ ಹಸಿರು ಇಳಕಲ್ ಸೀರೆ ಕೊಂಡು, ನೆಟ್ಟಗೆ ಕಾಕುವಿನ ಮನೆಗೆ ಹೋಗಿ ಉಡಿಯಲ್ಲಿಟ್ಟೆ. "ನನ್ನ ಸೀರಿ. ನೀನ ಘಡಿ ಮುರೀಬೇಕು" ಅಂದೆ.

ಕಾಕು ಹಾವು ಬಿದ್ದಂತೆ ಎದ್ದಳು. "ತಲಿ ನೆಟ್ಟಗ ಐತಿಲ್ಲ? ಇನ್ನೂ ಮದ್ವಿ ಆಗಬೇಕಾದಾಕಿ ನೀ! ತಗಿ ಅತ್ಲಾಗ!"

"ನೀ ಉಡೂತನಾ ನಾ ಉಡಾಂಗಿಲ್ಲ."

"ಇಲ್ಲಂದ್ರ ಇಡು. ಜಿರಳಿ ತಿನ್ಲಿ."

ನಾನೂ ಹಟಮಾರಿ. ಸೀರೆಯನ್ನು ಆಕೆಯ ಟ್ರಂಕಿನ ಮೇಲೆ ಇಟ್ಟೇ ಬಂದೆ. ಹೋದಾಗೊಮ್ಮೆ ಅದು ಅಲ್ಲೇ ಇರುತ್ತಿತ್ತು, ಮೇಲೊಂದು ತೆಳ್ಳನೆಯ ಅರಿವೆ ಹೊದಿಸಿಕೊಂಡು. ಒಂದು ಚೂರು ಧೂಳು ಕೂರಗೊಡುತ್ತಿರಲಿಲ್ಲ. ಉಡುತ್ತಲೂ ಇರಲಿಲ್ಲ. ಒಮ್ಮೆ ನಾನು ಬಂದದ್ದು ಗೊತ್ತಾಗದೆ, ಅದರ ದಡಿಯ ಮೇಲೆ ಕೈಯಾಡಿಸುತ್ತ ಕೂತಿದ್ದಳು. ನಾನು ಹೊರಗೇ ನಿಂತು ಕೆಮ್ಮಿದೆ.

ಈ ಮಳೆಗಾಲದಲ್ಲಿ ಕಾಕುವಿಗೆ ಉಸಿರಾಟದ ತ್ರಾಸು ಜಾಸ್ತಿಯಾಯಿತು. ಎದೆಯಲ್ಲಿ ನೀರು ಅಂದರು. ಕೊಲ್ಹಾಪುರದ ದವಾಖಾನೆಗೆ ಸೇರಿಸಿದೆವು. ಹಾಸಿಗೆಯ ಪಕ್ಕ ಕೂತು ಮತ್ತೆ ಆ ಸೀರೆಯ ಮಾತನ್ನೇ ಎತ್ತಿದೆ. ನನಗೆ ಬೇರೆ ಏನು ಮಾತಾಡಬೇಕೋ ತೋಚಿರಲಿಲ್ಲ. ಕಾಕು ನನ್ನತ್ತ ಹೊರಳಿದಳು.

"ನಿನಗ ಖರೇನ ಹೆದರಿಕಿ ಇಲ್ಲೇನ?"

"ಯಾತರ ಹೆದರಿಕಿ, ಕಾಕು? ನೀ ಉಟ್ಟದ್ದರಾಗ ನನಗ ಏನ ಕೆಟ್ಟ ಆಗತೈತಿ?"

ಆಕೆಯ ಕಣ್ಣು ತುಂಬಿತು. "ಆತ ಬಿಡು. ಮನಿಗೆ ಹೋದ ಕೂಡ್ಲೆ ಉಡ್ತೀನಿ. ಉಟ್ಟು, ಒಗದು, ಇಸ್ತ್ರಿ ಮಾಡಿಸಿ ಕೊಡ್ತೀನಿ. ಆಮ್ಯಾಲ ನೀ ಉಡಬೇಕ ನೋಡು ಮತ್ತ."

ಕಾಕು ಮನೆಗೆ ಬಂದಳು. ಜೀವಂತ ಬರಲಿಲ್ಲ.

ಓಣಿಯ ಹೆಂಗಸರು ಮೈತೊಳೆಸಿ, ಉಡಿಸಲು ಸೀರೆ ಕೇಳಿದರು. ತವರಿನಿಂದ ಸೀರೆ ತರುವವರು ಯಾರೂ ಉಳಿದಿರಲಿಲ್ಲ. ನಾನು ಟ್ರಂಕಿನ ಮೇಲಿನ ಅರಿವೆ ಸರಿಸಿ ಹಸಿರು ಸೀರೆ ತೆಗೆದೆ. "ಹಸಿರ ಬ್ಯಾಡ, ತಂಗಿ. ಅದೂ ನಿಂದು, ಹೊಸಾದು" ಎಂದು ಒಬ್ಬ ಅಜ್ಜಿ ಕೈ ಹಿಡಿದಳು. "ಆಕಿ ಒಪ್ಪಿಕೊಂಡಾಳ್ರಿ" ಅಂದೆ. ನನ್ನ ಅಳು ನೋಡಿ ಅಜ್ಜಿ ಕೈ ಬಿಟ್ಟಳು. ಘಡಿ ಬಿಚ್ಚಿ, ನಾನೇ ನೆರಿಗೆ ಹಿಡಿದು ಉಡಿಸಿದೆ. ಎಡಭುಜದ ಮೇಲೆ ಸೆರಗು ನಿಲ್ಲದೆ ಜಾರುತ್ತಿತ್ತು, ಪಿನ್ನು ಹಚ್ಚಿದೆ. ಆಮೇಲೆ ಮಣ್ಣು ಮಾಡಲು ಹೊತ್ತೊಯ್ದರು.

ಘಡಿ ಮುರಿದವರು ಸೀರೆಯನ್ನು ಒಡತಿಗೆ ತಿರುಗಿ ಕೊಡಬೇಕು. ನನ್ನ ಕಾಕು ಕೊಡಲಿಲ್ಲ.